ಒಲ್ಲೆ ಎಂದ ಕಾಶವ್ವ

ಕೊಪ್ಪಳ
ಸಂಧಿಕಾಲದ ಎಂಬತ್ತೊಂದನೆಯ ವರ್ಷ, ಹದಿಮೂರನೆಯ ತಿಂಗಳು

ನಮಗಿಂತ ಮೊದಲು ಬಾಳಿದವರಿಗೆ,

ಹದಿಮೂರನೆಯ ತಿಂಗಳು ಎಂದು ಓದಿ ನೀವು ನಗಬಹುದು. ಯಂತ್ರಗಳ ಲೆಕ್ಕಕ್ಕೆ ಅನುಕೂಲವಾಗಲೆಂದು ನಮ್ಮ ಹಿರಿಯರು ವರ್ಷವನ್ನು ಹೀಗೆ ಸಮನಾಗಿ ಹಂಚಿದರು. ನಮಗೆ ಅದು ಹುಟ್ಟಿನಿಂದ ರೂಢಿ. ನಿಮಗೆ ಗೊತ್ತಿಲ್ಲದ ಪದಗಳು ಇನ್ನೂ ಕೆಲವು ಬರುತ್ತವೆ. ಬಂದಲ್ಲೇ ಅರ್ಥ ಹೇಳುತ್ತ ಹೋಗುತ್ತೇನೆ, ತೊಡಕೆನಿಸಿದರೆ ಮನ್ನಿಸಿ. ಈ ಕಾಗದ ನಿಮ್ಮ ಕೈಗೆ ಹೇಗೆ ಸೇರೀತು ಎಂಬುದು ನನಗೂ ತಿಳಿಯದು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಇಲ್ಲಿ ನಾನು ಏನು ಹೇಳಿದರೂ ಯಾರೂ ಅದನ್ನು ಬರಿಯ ಮಾತೆಂದು ಕೇಳುವುದಿಲ್ಲ. ಅದಕ್ಕೆ ಕಾರಣ ನನ್ನ ಕೆಲಸ.

ನನ್ನ ಹೆಸರು ಬಸಲಿಂಗವ್ವ. ನಾನು ಒಲಿಸುವವಳು. ಕೆಲಸ ಒಲ್ಲೆ ಎಂದವರ ಮನೆಗೆ ಹೋಗಿ, ಪಕ್ಕದಲ್ಲಿ ಕುಳಿತು, ಅವರು ತಾವಾಗಿಯೇ ಎದ್ದು ಮತ್ತೆ ಕೆಲಸಕ್ಕೆ ಹೊರಡುವ ಹಾಗೆ ಮಾಡುವುದು ನನ್ನ ಉದ್ಯೋಗ. ನಮ್ಮಲ್ಲಿ ಬಲವಂತ ಇಲ್ಲ. ಬಲವಂತ ಇಲ್ಲದ್ದರಿಂದಲೇ ನನ್ನಂಥವರು ಬೇಕಾಗಿದ್ದೇವೆ.

ನಿಮ್ಮ ಕಾಲದಲ್ಲಿ ಮಾರ್ಕ್ಸ್‌ವಾದ ಓದಿದವರಲ್ಲಿ ಕೆಲವರು ಬಂಡವಾಳಶಾಹಿ ರಕ್ತ ಹರಿಸದೆ ಹೋಗುವುದಿಲ್ಲ ಎನ್ನುತ್ತಿದ್ದರಂತೆ. ಅದು ಹೋಗುವುದೇ ಇಲ್ಲ ಎಂದು ಕೈಚೆಲ್ಲಿದವರೂ ಇದ್ದರಂತೆ. ನಮ್ಮಲ್ಲಿ ಆದದ್ದೇ ಬೇರೆ. ಅದು ಬೆಳೆದು ಬೆಳೆದು, ಕೊನೆಗೆ ಎಲ್ಲವನ್ನೂ ಯಂತ್ರಗಳೇ ಮಾಡತೊಡಗಿದವು. ಸಂಬಳ ಪಡೆಯುವವರು ಇಲ್ಲದಾದಾಗ ಕೊಳ್ಳುವವರೂ ಇಲ್ಲದಾದರು. ಊರ ಹೊರಗಿನ ಉಕ್ಕಿನ ಕಾರ್ಖಾನೆಯ ಒಡೆಯರು ಒಂದು ಮುಂಜಾನೆ ಬಂದು ಕೀಲಿಕೈಗಳನ್ನು ಊರಿನವರ ಮುಂದಿಟ್ಟು ಹೊರಟುಹೋದರು. ನಮ್ಮಜ್ಜಿಯ ಅವ್ವ ಅಂದು ಕಾರ್ಖಾನೆಯ ಅಂಗಳದಲ್ಲಿ ಹಲಗೆ ವಾದ್ಯದ ಸದ್ದಿಗೆ ಕುಣಿದಳಂತೆ. ಆ ದಿನದಿಂದ ನಮ್ಮ ಕಾಲಕ್ಕೆ ಸಂಧಿಕಾಲ ಎಂದು ಹೆಸರು. ಹಳೆಯದು ಮುಗಿದಿದೆ, ಬರಬೇಕಾದ ಸಾಮ್ಯ, ಎಂದರೆ ಎಲ್ಲರೂ ಸಮನಾಗಿ ಬಾಳುವ ಕಾಲ, ಇನ್ನೂ ಪೂರ್ತಿ ಬಂದಿಲ್ಲ. ಅದು ಬರುವ ತನಕ ವ್ಯವಹಾರ ನೋಡಿಕೊಳ್ಳಲು ಸಂಧಿ ಮಂಡಳಿ ಎಂಬುದನ್ನು ಮಾಡಿದರು. ಯಾರನ್ನೂ ಕೆಲಸಕ್ಕೆ ಹಚ್ಚುವ ಅಗತ್ಯ ಉಳಿಯದ ದಿನ ಮಂಡಳಿ ತನ್ನನ್ನು ತಾನೇ ಮುಚ್ಚಿಕೊಳ್ಳಬೇಕು. ಪ್ರತಿ ವರ್ಷ ಊರ ಸಭೆ ಕೂಡಿ, ಸಂಧಿ ಮುಗಿಯಿತೇ ಎಂದು ಕೇಳುತ್ತದೆ.

ನಮ್ಮ ಬದುಕು ಕೆಟ್ಟದ್ದೆಂದು ತಿಳಿಯಬೇಡಿ. ಮನೆಗೆ ಬಾಡಿಗೆ ಎಂಬುದನ್ನು ನಾನು ಹಳೆಯ ಕಥೆಗಳಲ್ಲಿ ಮಾತ್ರ ಕೇಳಿದ್ದೇನೆ. ಓಣಿಗೊಂದು ಕೂಡು ಅಡುಗೆಮನೆ ಇದೆ. ಯಂತ್ರ ಬೇಯಿಸಿದ್ದು ಬೇಡ ಎನ್ನುವವರು ಅಲ್ಲೇ ಒಲೆ ಹೊತ್ತಿಸಿ ರೊಟ್ಟಿ ಬಡಿಯುತ್ತಾರೆ, ಯಾರ ರೊಟ್ಟಿ ತೆಳ್ಳಗೆ ಬಂತೆಂದು ಜಗಳಾಡುತ್ತಾರೆ. ಮಧ್ಯಾಹ್ನ ಗರಡಿ ತುಂಬಿರುತ್ತದೆ. ಎಡದಂಡೆ ಕಾಲುವೆಯಲ್ಲಿ ದೊಡ್ಡವರೂ ಮಕ್ಕಳಂತೆ ಈಜುತ್ತಾರೆ. ನನ್ನ ಪಕ್ಕದ ಮನೆಯ ಯಂಕೋಬಣ್ಣ ತನ್ನ ಆಯುಷ್ಯವನ್ನೆಲ್ಲ ಗಾಳಿಪಟ ಕಟ್ಟುವುದರಲ್ಲಿ ಕಳೆದಿದ್ದಾನೆ, ಅದನ್ನು ತಪ್ಪೆನ್ನುವವರಿಲ್ಲ.

ಆದರೆ ಯಂತ್ರಕ್ಕೆ ಆಗದ ಕೆಲಸಗಳು ಒಂದಿಷ್ಟು ಉಳಿದವು. ಅವುಗಳಿಗೆ ಉಳಿಕೆ ಎನ್ನುತ್ತೇವೆ. ಸಾಯುವವರ ಹತ್ತಿರ ಕೂರುವುದು, ತಲೆಕೆಟ್ಟವರನ್ನು ಸಂಭಾಳಿಸುವುದು, ಹೆರಿಗೆ ಕಷ್ಟವಾದಾಗ ಕೈಹಾಕುವುದು. ನಮ್ಮ ಬಾಳು ಎರಡು ಮಾತಿನ ಮೇಲೆ ನಿಂತಿದೆ: ಬೇಕಾದದ್ದು ಎಲ್ಲರಿಗೂ ಸಿಗಬೇಕು, ಬಲ್ಲವರು ಬಲ್ಲದ್ದನ್ನು ಮಾಡಬೇಕು. ಮೊದಲನೆಯದಕ್ಕೆ ಹಿರಿಯರು ಜೀವ ತೇಯ್ದರು. ಎರಡನೆಯದರ ಬಗ್ಗೆ ಅವರು ಹೆಚ್ಚು ಯೋಚಿಸಲಿಲ್ಲವೆಂದು ಕಾಣುತ್ತದೆ. ಏನೂ ಬಾರದವನು ನಮ್ಮಲ್ಲಿ ಪೂರ್ತಿ ಸ್ವತಂತ್ರ. ಉಳಿಕೆಯ ಕೆಲಸ ಕೈಗೆ ಹತ್ತಿದವರು ಮಾತ್ರ ಅದರಿಂದ ಬಿಡಿಸಿಕೊಳ್ಳಲಾರರು.

ನನ್ನ ತಂಗಿ ಕಾಶವ್ವನಿಗೆ ಅಂಥ ಕೈ ಬಂದಿತ್ತು. ಹುಟ್ಟುವಾಗಲೇ ಎದೆಗೂಡಿನಲ್ಲಿ ತೊಂದರೆ ಇಟ್ಟುಕೊಂಡು ಬರುವ ಕೂಸುಗಳ ಗುಂಡಿಗೆ ಬಿಚ್ಚಿ ಹೊಲಿಯುವ ಡಾಕ್ಟರು ಅವಳು. ಬೆಳೆದವರ ಗುಂಡಿಗೆಗೆ ಯಂತ್ರ ಸಾಕು. ನೆಲ್ಲಿಕಾಯಿಗಿಂತ ತುಸು ದೊಡ್ಡದಾದ ಆ ಗುಂಡಿಗೆಗೆ ಮಾತ್ರ ಮನುಷ್ಯರ ಬೆರಳೇ ಬೇಕು. ಬಳ್ಳಾರಿಯಿಂದ ರಾಯಚೂರಿನವರೆಗೆ ಅವಳೊಬ್ಬಳೇ. ಕಲಬುರಗಿಯಲ್ಲಿ ಇನ್ನೊಬ್ಬರಿದ್ದಾರೆ, ಅವರಿಗೆ ವಯಸ್ಸಾಗಿ ಕಣ್ಣು ಮಂಜಾಗಿದೆ. ಮೊದಮೊದಲು ಕಾಶವ್ವ ಕೆಲಸ ಮುಗಿಸಿ ಬಂದಾಗ ಮುಖದಲ್ಲಿ ಒಂದು ಕಳೆ ಇರುತ್ತಿತ್ತು. ಊರಿನವರು ಅವಳು ಬಂದರೆ ಎದ್ದು ನಿಲ್ಲುತ್ತಿದ್ದರು, ಮಾವಿನ ಮೊದಲ ಹಣ್ಣು ಅವಳಿಗೇ ಕೊಡುತ್ತಿದ್ದರು. ಅವಳು ಎಲ್ಲಿ ಹೋದರೂ ಕರೆ ಹಿಂದೆಯೇ ಬರುತ್ತಿತ್ತು. ಅವ್ವ ತೀರಿಕೊಂಡಾಗ ಮಣ್ಣು ಕೊಡುವುದಕ್ಕೂ ಅವಳಿಗೆ ಆಗಲಿಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವಳು ನನ್ನ ಮನೆಗೆ ಬಂದು ಚಾಪೆಯ ಮೇಲೆ ಕುಳಿತಳು. ನಾನು ಮಜ್ಜಿಗೆ ತಂದುಕೊಟ್ಟೆ. ಲೋಟ ಹಿಡಿದುಕೊಂಡೇ ಹೇಳಿದಳು.

"ಯಕ್ಕಾ, ನನಗ ಸಾಕಾಗೇತಿ."

"ಮೈಯಾಗ ಆರಾಮಿಲ್ಲೇನ?"

"ಆರಾಮ ಅದೀನಿ. ಕೈನೂ ನಡಗಂಗಿಲ್ಲ. ಬ್ಯಾಸರಾ ಅಲ್ಲ ಇದು. ನನಗ ಯಾರಿಗೂ ಬೇಕಾಗದಂಗ ಒಂದು ಬೇಸಿಗಿ ಇರಬೇಕು ಅನ್ನಸ್ತೈತಿ. ಈಜಾಕ ಬರಂಗಿಲ್ಲ ನನಗ. ಕಾಲಿವಿ ದಂಡಿಮ್ಯಾಲ ಹುಟ್ಟಿ ಈಜಾಕ ಬರಂಗಿಲ್ಲ."

"ಕೂಸುಗಳು?" ಎಂದು ಕೇಳಿದೆ. ಕೇಳಬಾರದೆಂದುಕೊಂಡರೂ ಬಾಯಿಗೆ ಬಂತು.

"ಅದನ್ನ ಕೇಳಬ್ಯಾಡ. ದಿನಾ ನಾನs ಕೇಳ್ಕೋತೀನಿ."

ಮರುದಿನ ಅವಳು ಮಂಡಳಿಗೆ ಹೋಗಿ ಒಲ್ಲೆ ಎಂದು ಹೇಳಿ ಬಂದಳು. ಅಷ್ಟೇ ಸಾಕು ನಮ್ಮಲ್ಲಿ, ಯಾರೂ ತಡೆಯುವುದಿಲ್ಲ. ಸಂಜೆಯೊಳಗೆ ಮಂಡಳಿಯ ಹಿರಿಯ ಮೋದಿನಸಾಬರು ನನ್ನನ್ನು ಕರೆಸಿದರು. ಅವರು ಕೆಟ್ಟವರಲ್ಲ. ಇದ್ದ ಒಂದೇ ಕುರ್ಚಿಯನ್ನು ನನಗೆ ಬಿಟ್ಟು, ತಾವು ಕಿಟಕಿಯ ಕಟ್ಟೆಯ ಮೇಲೆ ಕುಳಿತರು.

"ತಂಗೀ, ನಾವು ಯಾರನ್ನೂ ಕಟ್ಟಿಹಾಕಿಲ್ಲ. ಬಾಗಲಾ ತೆರದs ಅದಾವ. ನೀ ಒಂದ್ಸಲ ಹೋಗಿ ಕುಂತು ಬಾ, ಅಷ್ಟs."

"ಆಕಿ ನನ್ನ ಒಡಹುಟ್ಟಿದಾಕಿ ರೀ ಸಾಬರ."

"ಅದಕ್ಕs ನಿನಗ ಹೇಳಾಕ್ಹತ್ತೀನಿ. ಬ್ಯಾರೇದವರು ಹೋದ್ರ ಆಕಿಗೆ ನೋವಾಗ್ತೈತಿ."

ಒಲಿಸುವುದು ಹೇಗೆಂದು ನಿಮಗೆ ಹೇಳಬೇಕು. ನಾವು ಬುದ್ಧಿ ಹೇಳುವುದಿಲ್ಲ, ಬೆದರಿಸುವುದಂತೂ ಇಲ್ಲವೇ ಇಲ್ಲ. ಕೆಲಸ ನಿಂತರೆ ಯಾರಿಗೆ ನೋವಾಗುತ್ತದೋ ಅವರನ್ನು ಕರೆದುಕೊಂಡು ಹೋಗಿ ಎದುರಿಗೆ ಕೂರಿಸುತ್ತೇವೆ. ಅವರೂ ಏನೂ ಬೇಡುವುದಿಲ್ಲ, ತಮ್ಮ ಬದುಕಿನ ಸಣ್ಣಪುಟ್ಟ ಸಂಗತಿ ಹೇಳುತ್ತಾರೆ, ನೀರು ಕುಡಿಯುತ್ತಾರೆ. ಅವರು ಹೋದ ಮೇಲೆ ಒಲ್ಲೆ ಎಂದವರು ಚಪ್ಪಲಿ ಮೆಟ್ಟುತ್ತಾರೆ. ಇದರಲ್ಲಿ ನಾನು ಸೋತದ್ದು ನೆನಪಿಲ್ಲ.

ಕಾಶವ್ವನ ಮನೆಗೆ ನಾನು ಒಬ್ಬಳೇ ಹೋದೆ. "ನಾ ಒಲಸಾಕ ಬಂದಿಲ್ಲ. ಬಾ, ಈಜು ಕಲಸ್ತೀನಿ" ಎಂದೆ. ಅವಳು ಹಳೆಯ ಸೀರೆಯೊಂದನ್ನು ಸೊಂಟಕ್ಕೆ ಬಿಗಿದು ನನ್ನ ಜೊತೆ ಹೊರಟಳು.

ಆ ಬೇಸಿಗೆಯಷ್ಟು ಸುಖ ನಾವಿಬ್ಬರೂ ಕಂಡಿರಲಿಲ್ಲ. ಸಾವಿರಾರು ಕೂಸುಗಳ ಎದೆಯೊಳಗೆ ಬೆರಳಾಡಿಸಿದವಳು ನೀರಿಗಿಳಿಯಲು ಹೆದರಿ ನನ್ನ ಕುತ್ತಿಗೆಗೆ ಜೋತುಬಿದ್ದಳು. ಮೂಗಿನಲ್ಲಿ ನೀರು ಹೋಗಿ ಕೆಮ್ಮಿ, ಬೈದು, ನಕ್ಕಳು. ಯಂಕೋಬಣ್ಣ ಅವಳಿಗೊಂದು ಗಾಳಿಪಟ ಕಟ್ಟಿಕೊಟ್ಟ. ಊರಿನವರು ಮೊದಲಿನಂತೆ ಎದ್ದು ನಿಲ್ಲುವುದನ್ನು ಬಿಟ್ಟಿದ್ದರು, ಎದುರಿಗೆ ಬಂದರೆ ನೆಲ ನೋಡಿಕೊಂಡು ದಾಟುತ್ತಿದ್ದರು. ಅದೂ ಅವಳಿಗೆ ಹಿತವಾಗಿತ್ತು. ಕಲಬುರಗಿಯ ಹಿರಿಯ ಡಾಕ್ಟರು ತಮ್ಮ ಮಂಜುಗಣ್ಣಿನಲ್ಲೇ ಎರಡೂ ಕಡೆಯ ಕೆಲಸ ತೂಗಿಸುತ್ತಿದ್ದರು. ಅವರ ಕೈಯಲ್ಲಿ ಎಷ್ಟು ಕೂಸುಗಳು ಉಳಿದವು, ಎಷ್ಟು ಹೋದವು ಎಂದು ನಾವು ಕೇಳಲಿಲ್ಲ.

ಮಳೆ ಹಿಡಿಯುವ ಮೊದಲು ಒಂದು ಮುಂಜಾನೆ ಅವಳ ಬಾಗಿಲಿಗೆ ಒಬ್ಬ ಗಂಡಸು ಬಂದ. ಹುಸೇನಪ್ಪ ಎಂದು ಹೆಸರು, ಗಂಗಾವತಿ ಕಡೆಯವನು. ನಾನು ಒಳಗೆ ಚಹ ಸೋಸುತ್ತಿದ್ದೆ. ಅವನು ಹೊಸ್ತಿಲಾಚೆಯೇ ನಿಂತು ಮಾತಾಡಿದ್ದು ನನಗೆ ಕೇಳುತ್ತಿತ್ತು.

"ಅವ್ವಾರ, ನಾ ನಿಮ್ಮನ್ನ ಕರಿಯಾಕ ಬಂದಿಲ್ಲ ರೀ. ನೀವು ಬಿಟ್ಟೀರಿ ಅಂತ ಗೊತ್ತೈತಿ. ನಿನ್ನೆ ಹುಟ್ಟೈತಿ ನನ್ನ ಮಗಳು, ತುಟಿ ನೀಲಿ ಅದಾವ. ಹೆಸರಿಟ್ಟೀವಿ. ಯಾರಿಗೆ ಹೇಳ್ಬೇಕು ತಿಳೀಲಿಲ್ಲ. ಅಮೀನವ್ವ ಅಂತ ಇಟ್ಟೀವಿ ರೀ."

ಇಷ್ಟು ಹೇಳಿ ಅವನು ತಿರುಗಿ ನಡೆದ. ಕಾಶವ್ವ ಒಳಗೆ ಬಂದು ನನ್ನೆದುರು ನಿಂತಳು.

"ಯಕ್ಕಾ, ನೀ ಕಳಿಸಿದ್ದೇನ ಅವನ್ನ?"

"ನಿನ್ನಾಣಿ, ನಾ ಕಳಿಸಿಲ್ಲ."

"ಹಂಗಾದ್ರ ಅವನಿಗೆ ಇಷ್ಟು ಛಲೋ ಮಾತು ಯಾರು ಕಲಿಸಿದ್ರು?"

ನಾನು ಮತ್ತೆ ಆಣೆ ಇಟ್ಟೆ, ಅತ್ತೆ. ಆದರೆ ನನ್ನ ಅಳುವೂ ನನ್ನ ಕಸುಬಿನೊಳಗಿನದೇ. ಅದನ್ನು ಅವಳು ಚೆನ್ನಾಗಿ ಬಲ್ಲಳು. ನನ್ನ ಮಾತನ್ನು ನಂಬಬೇಕೆಂದು ನಾನು ಅವಳನ್ನು ಒಲಿಸತೊಡಗಿದ್ದೆ; ಒಲಿಸಿದಷ್ಟೂ ಅವಳ ಮುಖ ಮುಚ್ಚಿಕೊಳ್ಳುತ್ತ ಹೋಯಿತು. ಮೋದಿನಸಾಬರು ಕಳಿಸಿದರೋ, ಬೇರೆ ಒಲಿಸುವವರು ಕಳಿಸಿದರೋ, ಅವನು ಸುಮ್ಮನೆ ದಿಕ್ಕುಗಾಣದೆ ಬಂದನೋ, ಇಂದಿಗೂ ನನಗೆ ಗೊತ್ತಿಲ್ಲ. ಕಾಶವ್ವ ಚಪ್ಪಲಿ ಮೆಟ್ಟಿ ಅವನ ಹಿಂದೆಯೇ ಹೋದಳು. ಕೂಸು ಬದುಕಿತು. ಅವಳು ಮನೆಗೆ ಮರಳಲಿಲ್ಲ. ಆಸ್ಪತ್ರೆಯ ಕೋಣೆಯಲ್ಲೇ ಉಳಿದಳು. ನಾನು ಹೋದರೆ ಊಟ ಆಯಿತೇ ಎಂದು ಕೇಳುತ್ತಾಳೆ, ಅದಕ್ಕಿಂತ ಹೆಚ್ಚು ಮಾತಿಲ್ಲ.

ಈ ವರ್ಷದ ಸಭೆಯಲ್ಲಿ ನಾನು ಎದ್ದು ನಿಂತೆ. ಒಲಿಸುವವರು ಸಭೆಯಲ್ಲಿ ಮಾತಾಡುವ ವಾಡಿಕೆ ಇಲ್ಲ, ಜನ ಆಗಲೇ ಹುಷಾರಾದರು. ನಾನು ಹೇಳಿದ್ದು ಇಷ್ಟು: ಒಡೆಯರು ಹೋದರೆಂದು ನಾವು ಹಿಗ್ಗಿದೆವು, ಆದರೆ ದುಡಿಮೆ ಎಲ್ಲರ ತಲೆಯಿಂದ ಇಳಿದು ಕೆಲವರ ತಲೆಯ ಮೇಲೆ ಕುಳಿತಿದೆ. ಇಲ್ಲಿ ಸುಲಿಯುವವರನ್ನು ಹುಡುಕಿದರೆ ಸಿಗುವುದಿಲ್ಲ, ಸುಲಿಗೆಗೆ ಒಳಗಾದವರು ಮಾತ್ರ ಕಣ್ಣೆದುರಿಗೇ ಇದ್ದಾರೆ. ಉಳಿಕೆಯನ್ನು ಹಂಚಿಕೊಳ್ಳೋಣ. ಒಬ್ಬಳ ಜಾಗದಲ್ಲಿ ಹತ್ತಾರು ಜನ ಕಲಿಯಲಿ, ಕೆಲವು ವರ್ಷ ಮಾಡಿ ಬಿಡಲಿ. ಅವರ ಕೈ ಕಾಶವ್ವನ ಕೈಯಷ್ಟು ಚೆನ್ನಾಗಿರಲಿಕ್ಕಿಲ್ಲ. ಕಲಿಯುವಾಗ ಕೆಲವು ಕೂಸುಗಳು ಉಳಿಯದೆ ಹೋಗಬಹುದು. ಅದನ್ನು ಮುಚ್ಚಿಡದೆ ಹೇಳಿದೆ.

ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು. "ಕಲಿಯೋರ ಕೈಯಾಗ ಮೊದಲು ಯಾರ ಕೂಸು ಕೊಡೂದ್ರೀ ಅವ್ವಾರ?"

ಆಗ ಹುಸೇನಪ್ಪ ಕೈ ಎತ್ತಿದ. "ಇನ್ನೊಂದು ಕೂಸಾದ್ರ, ನಂದು" ಎಂದ. ಅವನ ಹೆಂಡತಿ ಅಮೀನವ್ವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಪಕ್ಕದಲ್ಲೇ ಕುಳಿತಿದ್ದಳು. ಅವಳು ಅವನ ಮೊಣಕೈ ಹಿಡಿದು ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು. ಅವಳನ್ನು ನಾನು ದೂರಲಾರೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಮೋದಿನಸಾಬರು ಕಾಶವ್ವನ ಕಡೆ ತಿರುಗಿದರು. "ನೀ ಏನಂತೀ, ತಂಗೀ? ಈ ಮಾತು ನಿಂದs ಐತಿ."

ಅವಳು ಎದ್ದು ನಿಂತಳು. ಎಲ್ಲರೂ ಅವಳ ಕೈಗಳನ್ನೇ ನೋಡುತ್ತಿದ್ದರು.

"ನಮ್ಮಕ್ಕ ಹೇಳೂದು ಖರೇ ಐತಿ" ಎಂದಳು. ಹುಸೇನಪ್ಪ ಬಾಗಿಲಿಗೆ ಬಂದ ಮುಂಜಾನೆಯ ನಂತರ ಅವಳು ನನ್ನನ್ನು ನಂಬಿದ್ದು ಅದೇ ಮೊದಲು. "ಆದ್ರ ಕಲಿಯೋರ ಕೈಗೆ ಕತ್ತರಿ ಕೊಟ್ಟು ಬಾಜೂಕ ಸುಮ್ಮ ನಿಂದ್ರಾಕ ನನಗ ಆಗಂಗಿಲ್ಲ. ನೋಡಾಕ ಆಗಂಗಿಲ್ಲ, ಕಸ್ಕೊಂಬಿಡ್ತೀನಿ. ಈಗ ಲಿಂಗಸೂಗೂರಿಂದ ಒಂದು ಕೂಸು ಬಂದೈತಿ. ನಾ ಹೋಗಬೇಕು."

ಜನ ಕಾಲು ಮಡಚಿಕೊಂಡು ಅವಳಿಗೆ ದಾರಿ ಬಿಟ್ಟರು. ಅವಳು ಬಾಗಿಲು ದಾಟಿದ ಮೇಲೆ ಮೋದಿನಸಾಬರು ಸಂಧಿ ಮುಗಿಯಿತೇ ಎಂದು ಕೇಳಿದರು. ಯಾರೂ ಹೂಂ ಎನ್ನಲಿಲ್ಲ. ಹಾಗಾದರೆ ಇನ್ನೊಂದು ವರ್ಷ, ಎಂದು ಹೇಳಿ ಸಭೆ ಮುಗಿಸಿದರು.

ಇದನ್ನೆಲ್ಲ ನಿಮಗೆ ಹೇಳಿ ನಿಮ್ಮ ಹಾದಿಯಿಂದ ನಿಮ್ಮನ್ನು ತಿರುಗಿಸುವ ಉದ್ದೇಶ ನನಗಿಲ್ಲ. ಹಸಿವಿಲ್ಲದೆ ಬೆಳೆದವಳು ನಾನು, ನಿಮ್ಮ ಕಾಲಕ್ಕೆ ಮರಳುತ್ತೀಯಾ ಎಂದರೆ ಒಲ್ಲೆ. ಬೇಡುವುದು ಇಷ್ಟೇ. ಕಾರ್ಖಾನೆ ಯಾರದ್ದಾಗಬೇಕೆಂದು ಕೂತು ಮಾತಾಡುವಾಗ, ಅದು ಎಲ್ಲರದ್ದಾದ ಮೇಲೆ ಯಾರು ಯಾವಾಗ ಮನೆಗೆ ಹೋಗಬಹುದೆಂಬುದನ್ನೂ ಅಂದೇ ಮಾತಾಡಿ. ಕೈ ಚೆನ್ನಾಗಿರುವವರನ್ನು ಒಬ್ಬೊಬ್ಬರನ್ನೇ ಬೆಳೆಸಬೇಡಿ. ನಿಮಗೆ ಇನ್ನೂ ಹೊತ್ತಿದೆ. ತಪ್ಪು ಹೊಲಿಗೆ ಹಾಕುವ ಹತ್ತು ಜನರನ್ನು ಈಗಲೇ ಜೊತೆಗೆ ಕೂರಿಸಿ, ಅವರಿಂದ ಆಗುವ ನೋವನ್ನು ಎಲ್ಲರೂ ಹೊರಲು ಕಲಿಯಿರಿ. ನಾವು ಅದನ್ನು ಕಲಿಯಲಿಲ್ಲ, ಈಗ ಕಲಿಯಲು ಯಾರ ಕೂಸನ್ನೂ ಕೊಡಲಾರೆವು.

ಸಭೆಯಿಂದ ಎದ್ದುಹೋದ ಕಾಶವ್ವ ಇನ್ನೂ ಆಸ್ಪತ್ರೆಯಿಂದ ಹೊರಗೆ ಬಂದಿಲ್ಲ. ನಾನು ಬುತ್ತಿ ಕಟ್ಟಿಕೊಂಡು ಹೋಗಿ ಹೊರಗಿನ ಬೆಂಚಿನ ಮೇಲೆ ಕೂರುತ್ತೇನೆ. ಅವಳು ಬಂದರೆ ಈ ಸಲ ನಾನು ಏನೂ ಮಾತಾಡುವುದಿಲ್ಲ.

ನಿಮ್ಮ ಮೊಮ್ಮಕ್ಕಳ ಮೊಮ್ಮಗಳು,
ಬಸಲಿಂಗವ್ವ