ಏಳನೇ ಊರು

ಜನವರಿ ೧೪, ಮಂಗಳವಾರ. ಅಮೆರಿಕನ್ ಫುಟ್‌ಬಾಲ್ ತಂಡ ನನ್ನನ್ನು ಕೋಚ್ ಕೆಲಸದಿಂದ ಕೈಬಿಟ್ಟು ಇಂದಿಗೆ ಎಂಟು ದಿನ. ಮಧ್ಯಾಹ್ನ ಡೆಶಾನ್ ಫೋನ್ ಮಾಡಿದ. ಒಂಬತ್ತು ವರ್ಷದ ಹಿಂದೆ, ಕಾಲು ನಿಧಾನವಾಯಿತೆಂದು ನಾನೇ ತಂಡದಿಂದ ಬಿಟ್ಟು ಕಳಿಸಿದ ಆಟಗಾರ. ಈಗ ಡೆನ್ವರ್ ಊರಿನ ತಂಡದಲ್ಲಿ ಅವನೂ ಕೋಚ್, ಇಡೀ ಡಿಫೆನ್ಸ್ ಅವನ ಕೈಯಲ್ಲಿದೆ.

"ನನ್ನ ಡಿಫೆನ್ಸ್‌ನ ಲೈನ್‌ಬ್ಯಾಕರ್ ಹುಡುಗರನ್ನ ನೀವೇ ಪಳಗಿಸ್ಬೇಕು, ಕೋಚ್. ಆದ್ರೆ ಬಾಸ್ ನಾನು, ನೆನಪಿರ್ಲಿ!" ಎಂದು ನಕ್ಕ.

ಆ ಕೆಲಸ ನನಗೆ ಬೇಕೇ ಬೇಕಿತ್ತು. ಆದರೂ ಹೂಂ ಅನ್ನದೆ, ನಾಳೆ ಹೇಳ್ತೀನಿ ಎಂದೆ. ಹಿಂದಿನ ಆರು ಊರುಗಳಿಗೂ ಫೋನಿನಲ್ಲೇ ಒಪ್ಪಿಕೊಂಡು, ಆಮೇಲೆ ಹೆಂಡತಿ ಲೊರೆಟಾಗೆ ಸಾಮಾನು ಕಟ್ಟಲು ಹೇಳಿದವನು ನಾನು. ಈ ಸಲ ಮೊದಲು ಅವಳನ್ನೇ "ಹೋಗೋಣ್ವಾ?" ಎಂದು ಕೇಳಿದೆ.

ತಟ್ಟೆ ತೊಳೆಯುತ್ತಿದ್ದವಳು ತಿರುಗಿ ನೋಡಿದಳು. "ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಕೇಳೋ ಬಾಯಿ ಬಂತಾ ನಿನಗೆ? ಬೆಳಿಗ್ಗೆ ಹೇಳ್ತೀನಿ."

ಈಗ ನಿಶ್ಚಿಂತೆಯಿಂದ ಗೊರಕೆ ಹೊಡೆಯುತ್ತಿದ್ದಾಳೆ. ಬೇಡ ಅಂದರೆ? ಅನ್ನಲಿ. ಯಾಕೋ ನನಗೂ ಹಾಯಾಗಿ ನಿದ್ದೆ ಬರುತ್ತಿದೆ...