ಮೊದಲೇ ತಿಳಿಯದ ಉರಿ

ಮಸ್ಕಿ,
೧೪-೧೧-೨೦೨೪

ಪ್ರೀತಿಯ ತಂಗಿ ಪದ್ಮಾವತಿಗೆ,

ಸಿಂಧನೂರಿನಲ್ಲಿ ನೀನು, ನಿನ್ನ ಗಂಡ ವೀರೇಶ, ಮಗಳು ಐಶ್ವರ್ಯ ಕ್ಷೇಮವೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಸಿಟ್ಟಾಗಬೇಡ. ಫೋನಿನಲ್ಲಿ ನೀನು ಅಳುತ್ತೀ, ನಾನು ಪ್ರಾಸ ಹೊಸೆಯುತ್ತೇನೆ. ಮಾತು ಅಲ್ಲಿಗೇ ಮುಗಿಯುತ್ತದೆ.

"ಅಣ್ಣಾ, ಮುಂದಿನ ತಿಂಗಳು ನನ್ನ ಹಾರ್ಟ್ ಆಪರೇಷನ್ ಆದ ಮ್ಯಾಗ ನಿನಗಾದಂಗ ನನಗೂ ಉರೀತೈತೇನು?" ಎಂದು ನೀನು ಕೇಳಿದ್ದೆ. ಅದನ್ನೇ ಹಿಡಿದುಕೊಂಡು ಲಿಂಗಸುಗೂರಿನ ಡಾಕ್ಟರ ಹತ್ತಿರ ಹೋಗಿದ್ದೆ. ಆವತ್ತು ಆಪರೇಷನ್ನಿನಲ್ಲಿ ನನ್ನ ಎದೆ ಸೀಳಿದರು, ಹೊಲಿದರು, ಗೆದ್ದೆವೆಂದು ನಲಿದರು. ಎರಡು ವರ್ಷವಾದರೂ ಅಂಗಿ ತಾಗಿದರೆ ಕೆಂಡ ತಾಗಿದಂತೆ. ನರಕ್ಕೆ ಪೆಟ್ಟಾಗಿದೆಯಂತೆ.

"ಯಾರಿಗೆ ನೋವು ಉಳಿತೈತಿ ಅಂತ ಮೊದಲೇ ಗೊತ್ತಾಗಂಗಿಲ್ಲೇನ್ರಿ?"

"ಅಂದಾಜು ಮಾಡಬಹುದ್ರಿ. ಮೊದಲಿಂದ ಬ್ಯಾರೆ ಕಡೆ ನೋವಿದ್ದೋರಿಗೆ, ಭಾಳ ಅಂಜೋರಿಗೆ, ಆಪರೇಷನ್ ಆದ ಕೂಡ್ಲೆ ವಿಪರೀತ ನೋವು ತಿಂದೋರಿಗೆ ಹೆಚ್ಚು. ಇಂಥಾವ್ರಿಗೇ ಅಂತ ಖಾತ್ರಿ ಹೇಳಾಕ ಬರಂಗಿಲ್ಲ."

"ಮಳಿ ಬಂದರೂ ಬರಬಹುದು ಅಂದಂಗಾತು. ತೊಯ್ಯಾವ ಪೂರಾ ತೊಯ್ತಾನಲ್ರಿ!"

ಅವರು ನಕ್ಕರು. ನನಗೆ ನಗು ಬರಲಿಲ್ಲ.

"ನಿಮ್ಮ ಆಪರೇಷನ್ ಆದ ಕೂಡ್ಲೆ ನರ್ಸ್ ಕೇಳಿದಾಗ ಎಷ್ಟು ನೋವು ಅಂದ್ರಿ?"

"ಆರಾಮ ಅದೀನಿ ಅಂದೆ."

"ಯಾಕ್ರಿ?"

"ಮಂಚದ ಸುತ್ತ ಬೀಗರು ನಿಂತಿದ್ರು."

ಡಾಕ್ಟರು ಹಣೆ ಒತ್ತಿಕೊಂಡರು. ಬರುವಾಗ ಬಸ್ಸಿನಲ್ಲಿ ಹಳೆಯ ಗೆಳೆಯ ದಾವಲ್‌ಸಾಬ್ ಬಹಳ ದಿನದ ಮೇಲೆ ಸಿಕ್ಕ. "ಏನ್ಲೇ ಸ್ವಾಮಿ, ಹೊಸಾ ಇಂಜಿನ್ ಕುಂದ್ರಿಸ್ಯಾರಂತಲ್ಲೋ!" ಎಂದು ಎದೆಗೇ ಬಡಿದ. ಮಸ್ಕಿ ಬರುವವರೆಗೂ ನನ್ನ ಬಾಯಿಂದ ಪ್ರಾಸ ಹೊರಡಲಿಲ್ಲ.

ಪದ್ಮಾ, ಹೋದ ವರ್ಷದಿಂದ ನಿನ್ನ ಭುಜ ಹಿಡಿದಿದೆ. ತಲೆ ಬಾಚಲು ಐಶ್ವರ್ಯ ಬೇಕು. ಡಾಕ್ಟರು ಕೇಳಿದರೆ ವೀರೇಶನ ಮುಖ ನೋಡಬೇಡ, ಇದ್ದದ್ದು ಹೇಳು. ಮೊದಲೇ ಗೊತ್ತಾದರೆ ನೋವಿನ ಔಷಧ ಮೊದಲೇ ಶುರುಮಾಡುತ್ತಾರಂತೆ. ಆದರೂ ಉರಿ ಉಳಿದೀತು, ಸುಳ್ಳು ಹೇಳುವುದಿಲ್ಲ. ಆಪರೇಷನ್ ಮಾತ್ರ ಬಿಡಬೇಡ. ಬೈಯುವುದಕ್ಕಾದರೂ ಜೀವ ಬೇಕಲ್ಲ, ನನ್ನನ್ನೇ ನೋಡು.

ನೂರು ವರ್ಷ ಬಾಳು ತಂಗಿ. ಐಶ್ವರ್ಯಳಿಗೆ ಮಾವನ ಮುದ್ದು.

ನಿನ್ನ ಅಣ್ಣ,
ಮರಿಸ್ವಾಮಿ

ವಿ.ಸೂ.: ಅವ್ವ ನಮ್ಮ ಮನೆ ಬಿಟ್ಟು ಗುರುಗುಂಟಾಕ್ಕೆ, ಚಿಕ್ಕಪ್ಪನ ಮನೆಗೆ ಯಾಕೆ ಹೋದಳೆಂದು ಕೇಳಿದ್ದೆಯಲ್ಲ. ಇಷ್ಟಲಿಂಗವಿರುವ ಬೆಳ್ಳಿಯ ಕರಡಿಗೆ ಎದೆಗೆ ತಾಗಿದರೆ ತಡೆಯಲಾಗದೆ ಅದನ್ನು ಕೊರಳಿಂದ ತೆಗೆದು ದೇವರ ಜಗಲಿಯ ಮೇಲಿಟ್ಟಿದ್ದೆ. "ಜೀವ ಉಳಿದ ಮ್ಯಾಗ ಲಿಂಗ ಬ್ಯಾಡಾತೇನು? ಲಿಂಗ ಇಲ್ಲದಾವನ ಕೈನೀರು ನಾ ಕುಡಿಯಂಗಿಲ್ಲ" ಎಂದಳು. "ಉರೀತೈತಿ ಬೇ ಅವ್ವಾ" ಎಂದೆ. "ಎಲ್ಲಿ, ತೋರಸು" ಎಂದಳು. ಅಂಗಿ ಬಿಚ್ಚಿ ತೋರಿಸಿದೆ. ಮಾಗಿದ ಗಾಯವನ್ನು ಬಹಳ ಹೊತ್ತು ನೋಡಿದಳು. "ಗಾಯ ಮಾಗೈತಲ್ಲೋ" ಎಂದು ಚೀಲ ಎತ್ತಿಕೊಂಡಳು.