ಅಮ್ಮನ ಉಸಿರಿನ ಗುರುತು

ಜನವರಿ 14, ಮಂಗಳವಾರ

ರಿಹರ್ಸಲ್ ಮುಗಿಸಿ ಈಗಷ್ಟೇ ಬಂದೆ. ಎದುರುಗಾಳಿಗೆ ಸೈಕಲ್ ತುಳಿದು ಮೊಣಕಾಲು ಹಿಡಿದುಕೊಂಡಿದೆ. ಚರ್ಚಿನಲ್ಲಿ ಕಾಫಿ, ಜೊತೆಗೆ ಎಂದಿನಂತೆ ಒಂದೇ ಬಿಸ್ಕತ್ತು. ಗುಡ್ ಫ್ರೈಡೆಗೆ ಪ್ಯಾಶನ್, ಯೇಸುವಿನ ಮರಣದ ಕಥೆಯ ಮೇಳಗಾನ. ಅಮ್ಮ ನಲವತ್ತು ವರ್ಷ ಹಾಡಿದ್ದು. ಅವಳದೇ ಜಾಗದಲ್ಲಿ, ಅವಳದೇ ಸ್ವರಲಿಪಿ ಪುಸ್ತಕ ಹಿಡಿದು, ನಾನು ಮೂವತ್ತು ವರ್ಷದಿಂದ. ಮೊದಲ ಭಾಗದ ಕೊನೆಯ ಉದ್ದ ಸಾಲಿನಲ್ಲಿ ಮೇಳದ ಹೊಸ ನಿರ್ದೇಶಕ ಮೆನ್ನೊ ನಿಲ್ಲಿಸಿದ.

“ಇಲ್ಲಿ ಯಾರು ಉಸಿರು ತಗೊಳ್ತಿರೋದು? ತೂತು ಬಿದ್ದ ಹಾಗೆ ಕೇಳ್ಸುತ್ತೆ.”

ನಾನೇ ಎಂದೆ. ಅಲ್ಲಿ ಅಮ್ಮ ಪೆನ್ಸಿಲ್ಲಿನಲ್ಲಿ ಉಸಿರಿನ ಗುರುತು ಹಾಕಿದ್ದಾಳೆ ಎಂದೆ.

“ಅಮ್ಮನ್ನ ನಾನು ಬೈಯೋಕಾಗಲ್ಲ, ವಿಟ್ಸ್ಕೆ. ಅಳಿಸಿಬಿಡಿ.”

ಎಲ್ಲರೂ ನಕ್ಕರು. ಆಮೇಲೆ ಹೇಳಿದ — ಅರವತ್ತೈದು ದಾಟಿದವರಿಗೆ ಮಾರ್ಚಿನಲ್ಲಿ ದನಿ ಪರೀಕ್ಷೆ. ಫೇಲಾದವರು ಬೆಂಚಿನಲ್ಲಿ ಕೂತು ಕೇಳಬಹುದಂತೆ. ನನಗೆ ಅರವತ್ತಾರು. ಮೀಸೆ ಮೂಡದವನಿಂದ ಪರೀಕ್ಷೆ.

ಜನವರಿ 19

ವೃದ್ಧಾಶ್ರಮಕ್ಕೆ ಹೋಗಿದ್ದೆ, ರೂಲಿ ಚಿಕ್ಕಮ್ಮನ ಹತ್ತಿರ. ಈಗ ತೊಂಬತ್ತೊಂದು. ಅಮ್ಮನ ಪಕ್ಕದಲ್ಲೇ ನಿಂತು ಹಾಡಿದವಳು.

“ಅಳಿಸು ಅಂದ್ನಾ? ನಾನೂ ಅಂದಿದ್ದೆ. ಐವತ್ತೆಂಟನೇ ಇಸವೀಲಿ ನಿಮ್ಮಮ್ಮಂಗೆ ಎಂಟು ತಿಂಗಳು. ನೀನು ಒಳಗಿಂದ ಒದೀತಿದ್ದೆ, ಅವಳಿಗೆ ಪೂರ್ತಿ ಸಾಲಿಗೆ ಉಸಿರು ಸಾಲ್ತಿರಲಿಲ್ಲ. ಅದಕ್ಕೆ ಆ ಗುರುತು ಕಣೇ.”

“ಮಾರನೇ ವರ್ಷ ಯಾಕೆ ಅಳಿಸ್ಲಿಲ್ಲ?”

“ಇರ್ಲಿ ಬಿಡೇ, ಅದು ಮಗೂದು ಅಂದ್ಲು.”

ಕಾರಿಡಾರಿಗೆ ಬಂದು ಅತ್ತುಬಿಟ್ಟೆ.

ಫೆಬ್ರವರಿ 27

ಐದು ವಾರ ಬರೆದಿಲ್ಲ. ದಿನಾ ನದಿ ದಂಡೆಯ ಮೇಲೆ ಸೈಕಲ್ ತುಳಿಯುತ್ತ ಆ ಸಾಲನ್ನು ಒಂದೇ ಉಸಿರಿನಲ್ಲಿ ಮುಗಿಸಲು ನೋಡುತ್ತೇನೆ. ಗುರುತು ದಾಟಿ ಮೂರು ಸ್ವರ… ಅಷ್ಟೇ. ಈ ಜಾಗ ಹೋದರೆ ಅಮ್ಮನನ್ನು ಇನ್ನೊಮ್ಮೆ ಕಳೆದುಕೊಂಡಂತೆ. ಭಯವಾಗಿದೆ.

ಮಾರ್ಚ್ 18

ಪರೀಕ್ಷೆ. ನಾಲ್ಕು ಸ್ವರ ದಾಟಿದೆ. ದಮ್ಮು ಮುಗಿಯಿತು. ಮೆನ್ನೊ ಪಿಯಾನೊದಿಂದ ಕೈ ತೆಗೆದ. ಚಿಕ್ಕಮ್ಮ ಹೇಳಿದ್ದನ್ನೆಲ್ಲ ಹೇಳಿಬಿಟ್ಟೆ. ನನ್ನ ಪುಸ್ತಕ ಎಳೆದುಕೊಂಡು ಆ ಗುರುತು ನೋಡಿದ. ಆಮೇಲೆ —

“ನಿಮ್ಮ ಜೊತೆ ನಿಂತು ಹಾಡೋ ಉಳಿದ ಹತ್ತು ಜನ ಎಲ್ಲಿ ಉಸಿರು ತಗೋತಾರೆ?”

“ಅಲ್ಲೇ. ಮೇಳಕ್ಕೆ ಸೇರೋವಾಗ ಎಲ್ರೂ ನನ್ನ ಪುಸ್ತಕ ನೋಡೇ ಗುರುತು ಹಾಕ್ಕೊಂಡಿದ್ದು.”

ನಕ್ಕೇ ನಕ್ಕ. “ಅಂದ್ರೆ ಹತ್ತೂ ಜನ ನಿಮ್ಮಮ್ಮನ ಬಸಿರು ಹೊತ್ಕೊಂಡು ಹಾಡ್ತಿದಾರೆ. ತೂತು ಬೀಳದೆ ಇನ್ನೇನು? ನೀವು ಅಲ್ಲೇ ತಗೊಳ್ಳಿ. ಅವರದ್ದು ಅಳಿಸಿ, ಉಸಿರು ತಗೊಳ್ಳೋಕೆ ಒಬ್ಬೊಬ್ರಿಗೆ ಒಂದೊಂದು ಬೇರೆ ಜಾಗ ಕೊಡಿ.”

“ಹಾಗಾದ್ರೆ ನಾನು ಪಾಸಾ?”

“ಮುಂದಿನ ಮಂಗಳವಾರ ರಬ್ಬರ್ ತನ್ನಿ.”

ಏಪ್ರಿಲ್ 18, ಗುಡ್ ಫ್ರೈಡೆ, ಇಂಟರ್ವಲ್

ಮೊದಲ ಭಾಗ ಆಯಿತು. ಮೂವತ್ತು ವರ್ಷದಿಂದ ಆ ಜಾಗದಲ್ಲಿ ಕೇಳಿದ್ದು ನಮ್ಮೆಲ್ಲರ ಉಸಿರಿನ ಸದ್ದು ಮಾತ್ರ. ಇವತ್ತು ನಾನು ಉಸಿರೆಳೆದುಕೊಂಡೆ — ಸಾಲು ನಿಲ್ಲಲಿಲ್ಲ. ಎಡಕ್ಕೂ ಬಲಕ್ಕೂ ಹಾಡುತ್ತಲೇ ಇದ್ದರು. ಅರೆಗಳಿಗೆ ಸುಮ್ಮನೆ ಕೇಳಿದೆ. ಎಷ್ಟು ಚೆನ್ನಾಗಿದೆ.

ಬೆಲ್ ಆಯಿತು, ಕರೆಯುತ್ತಿದ್ದಾರೆ. ಆ ವರ್ಷ ಒಬ್ಬಳೇ ಅಲ್ಲಿ ಉಸಿರೆಳೆದಾಗ ಅಮ್ಮನಿಗೂ ಹೀಗೇ ಕೇಳಿಸಿರಬೇಕು. ಒಳಗಿದ್ದ ನನಗೂ—